ಕಂಪ್ಯೂಟರಿಗೆ ಹಾಕಿದ ತೀರ್ಥ

“ಏ ನಾಗೂ, ನಿನ್ನ ಕಂಪ್ಯೂಟರ್ ಉಚ್ಚಿ ಹೊಯ್ದೈತಿ ನೋಡ್ ಬಾ!”

ಗುಡ್ಡಮ್ಮಜ್ಜಿ ಕೂಗಿದ್ದೇ ತಡ, ಸ್ಪಂದನ ದೋಸೆ ತಟ್ಟೆ ಬಿಟ್ಟು ಎದ್ದಳು. ಅಮ್ಮ ನಾಗವೇಣಿ ಅಡುಗೆಮನೆಯಿಂದ ಓಡಿ ಬಂದಳು. ದೋಸೆ ಮಗುಚುವ ಸಟ್ಟುಗ ಇನ್ನೂ ಕೈಯಲ್ಲೇ ಇತ್ತು.

ಅಜ್ಜಿ ಹೇಳಿದ್ದು ಸುಳ್ಳಲ್ಲ. ಮೇಜಿನ ಮೇಲಿದ್ದ ಕಂಪ್ಯೂಟರಿನ ಕಪ್ಪು ಪೆಟ್ಟಿಗೆಯ ಕೆಳಗೆ ಒದ್ದೆಯಾಗಿತ್ತು. ಅಲ್ಲಿಂದ ಒಂದು ಗೆರೆ ಮೇಜಿನ ಅಂಚಿನವರೆಗೆ ಹರಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಆನ್ ಇದ್ದ ಪರದೆ ಕಪ್ಪಗಾಗಿ ಹೋಗಿತ್ತು.

“ಸ್ಪಂದೂ, ಸ್ವಿಚ್ ಆಫ್ ಮಾಡು! ಪ್ಲಗ್ ಕೀಳು! ಅಮ್ಮಾ, ನೀನು ಮುಟ್ಬೇಡ, ಶಾಕ್ ಹೊಡೆದೀತು!” ಎಂದು ಅಮ್ಮ ಅಜ್ಜಿಯನ್ನು ಹಿಂದಕ್ಕೆ ಸರಿಸಿದಳು.

ಪ್ಲಗ್ ಕಿತ್ತದ್ದಾಯಿತು. ಅಮ್ಮ ತಲೆಯೆತ್ತಿ ಸೂರು ನೋಡಿದಳು. ಸೋರಿದ ಗುರುತಿಲ್ಲ. ಕಿಟಕಿ ನೋಡಿದಳು. ಅದು ಮುಚ್ಚಿತ್ತು.

“ಎಲ್ಲಿಂದ ಬಂತು ಈ ನೀರು?”

ಸ್ಪಂದನ ಅಜ್ಜಿಯ ಮುಖ ನೋಡಿದಳು. ಅಜ್ಜಿ ಎಲೆಯಡಿಕೆ ಚೀಲದೊಳಗೆ ಕೈ ಹಾಕಿ ಇಲ್ಲದ್ದೇನನ್ನೋ ಹುಡುಕತೊಡಗಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸ್ಪಂದನಳ ಎರಡು ಕೈಗಳೂ ತಾವಾಗಿಯೇ ಬೆನ್ನ ಹಿಂದೆ ಹೋದವು.

ಆಗಿದ್ದಿಷ್ಟು. ಮೊನ್ನೆ ಆಯುಧ ಪೂಜೆ. ಅವತ್ತು ಮನೆಯಲ್ಲಿರುವ ಸಾಮಾನಿಗೆಲ್ಲ ಪೂಜೆ ಆಗಬೇಕಲ್ಲವೇ? ಅಪ್ಪನ ಟ್ರ್ಯಾಕ್ಟರ್, ಕುಡುಗೋಲು, ಗುದ್ದಲಿ, ಮಿಕ್ಸಿ, ಕೊನೆಗೆ ಸ್ಪಂದನಳ ಜಾಮಿಟ್ರಿ ಬಾಕ್ಸಿಗೂ ಕುಂಕುಮ ಬಿತ್ತು. ಕಂಪ್ಯೂಟರಿಗೆ ಮಾತ್ರ ಅಮ್ಮ ಒಂದು ಸೇವಂತಿಗೆ ಇಟ್ಟು ಕೈಮುಗಿದಳು. “ಇದರ ಹತ್ರ ನೀರು ಗೀರು ತರ್ಬೇಡಿ ಮತ್ತೆ,” ಎಂದು ಅಜ್ಜಿ ಮೊಮ್ಮಗಳಿಬ್ಬರಿಗೂ ಹೇಳಿ ಪಕ್ಕದ ಮನೆಗೆ ಪ್ರಸಾದ ಕೊಡಲು ಹೋದಳು.

ಅಜ್ಜಿಗೆ ಅದು ಸರಿ ಬರಲಿಲ್ಲ. ಅಜ್ಜಿ ಅಮ್ಮನ ಅಮ್ಮ. ಶಿಕಾರಿಪುರದ ಕಡೆ, ಅಂಬ್ಲಿಗೊಳದ ಕಾಲುವೆ ಹರಿಯುವ ಊರಿನವಳು. ಕುರಿ ಕಾಯುತ್ತ ಬೆಳೆದವಳು, ಯಾರಿಗೂ ಹೆದರುವವಳಲ್ಲ. ಹಬ್ಬಕ್ಕೆಂದು ಸೊರಬದ ಮಗಳ ಮನೆಗೆ ಬಂದವಳು ಚಂದ್ರಗುತ್ತಿಯ ಗುಡಿಗೂ ಹೋಗಿ ಬಾಟಲಿ ತುಂಬ ತೀರ್ಥ ತಂದಿದ್ದಳು.

“ಅಲ್ಲ ಸ್ಪಂದೂ, ಕುಡುಗೋಲಿಗೆ ತೀರ್ಥ ಹಾಕೀವಿ, ಮಿಕ್ಸಿಗೆ ಹಾಕೀವಿ. ನಿಮ್ಮವ್ವಗ ಅನ್ನ ಕೊಡೋದು ಇದು. ಇದೊಂದನ್ನ ಬಿಟ್ರ ಮುನಿಸ್ಕೊಳ್ಳಂಗಿಲ್ಲೇನು? ಹಾಕು, ಒಂದೀಟು.”

ಒಂದೀಟು ಎಂದಿದ್ದಳು ಅಜ್ಜಿ. ಆದರೆ ಸ್ಪಂದನಳಿಗೆ ಯಾವುದರಲ್ಲೂ ಉತ್ಸಾಹ ಒಂದು ಕೈ ಜಾಸ್ತಿಯೇ. ಮಾವಿನೆಲೆಯನ್ನು ಬಟ್ಟಲಿನಲ್ಲಿ ಅದ್ದಿ ಅದ್ದಿ ಚೆನ್ನಾಗಿ ಚಿಮುಕಿಸಿದಳು. ಪೆಟ್ಟಿಗೆಯ ನೆತ್ತಿಯ ಮೇಲೆ ಜರಡಿಯ ಹಾಗೆ ತೂತುಗಳಿದ್ದದ್ದು ಅವಳಿಗೆ ಕಂಡದ್ದು ಆಮೇಲೆ. ಅಷ್ಟು ಹೊತ್ತಿಗೆ ತೀರ್ಥ ಒಳಗಿಳಿದು ಹೋಗಿತ್ತು.

ಈಗ ನೋಡಿದರೆ ಹೀಗಾಗಿದೆ! ಅಜ್ಜಿ ಅವಳನ್ನು ಮೆಲ್ಲಗೆ ಹಿತ್ತಲಿಗೆ ಕರೆದಳು.

“ಬಾಯಿ ಬಿಡಬ್ಯಾಡ ಮತ್ತ. ತೀರ್ಥದಿಂದ ಯಾವುದೂ ಕೆಡಂಗಿಲ್ಲ. ನಿಮ್ಮವ್ವಗ ಗೊತ್ತಾದ್ರ ಇಬ್ರನ್ನೂ ಹುರ್ಕೊಂಡು ತಿಂತಾಳ.”

ಕೆಡುವುದೇ ಇಲ್ಲ ಅಂದ ಮೇಲೆ ಬಾಯಿ ಬಿಡಬೇಡ ಅಂತ ಯಾಕೆ ಹೇಳಬೇಕು? ಸ್ಪಂದನಳಿಗೆ ಹೆದರಿಕೆ ಇನ್ನೂ ಜಾಸ್ತಿಯಾಯಿತು.

ಹೊಲದಿಂದ ಬಂದ ಅಪ್ಪ ಮಾಲತೇಶ್ ಪೆಟ್ಟಿಗೆಯನ್ನು ಬಗ್ಗಿ ನೋಡಿದ. ಮದುವೆಯ ದೊಡ್ಡ ದೊಡ್ಡ ವಿಡಿಯೋಗಳನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಕೊಡುವುದು ಅಮ್ಮನ ಕೆಲಸ. ಅಂಥ ಕೆಲಸಕ್ಕೆ ಕಂಪ್ಯೂಟರ್ ಕಾದು ಕೆಂಡವಾಗುತ್ತದೆ. ಅದಕ್ಕೇ ಟ್ರ್ಯಾಕ್ಟರಿನ ರೇಡಿಯೇಟರಿನಲ್ಲಿ ನೀರು ಸುತ್ತುವ ಹಾಗೆ ಇದರ ಹೊಟ್ಟೆಯೊಳಗೂ ಪೈಪುಗಳಲ್ಲಿ ಒಂದು ದ್ರವ ಸುತ್ತುತ್ತಿರುತ್ತದೆ. ಅದನ್ನು ಲಿಕ್ವಿಡ್ ಕೂಲಿಂಗ್ ಅನ್ನುತ್ತಾರೆ.

“ಆ ಪೈಪೇ ಲೀಕ್ ಆಗಿರ್ಬೇಕು ಮಾರಾಯ್ತಿ. ಆದ್ರೆ ವಾರಂಟಿ ಮುಗಿದು ಹೋಯ್ತಲ್ಲ?” ಅಂದ ಅಪ್ಪ.

“ಮೇಲೆ ದುಡ್ಡು ಕೊಟ್ಟು ಎಕ್ಸ್‌ಟೆಂಡೆಡ್ ವಾರಂಟಿ ತಗೊಂಡಿದ್ನಲ್ಲ,” ಅಂದಳು ಅಮ್ಮ.

ಅಮ್ಮ ಅದನ್ನು ತೆಗೆದುಕೊಂಡಾಗ ಮನೆಯಲ್ಲಿ ಎಲ್ಲರೂ ನಕ್ಕಿದ್ದರು. “ಕೆಡದೇ ಇರೋ ಸಾಮಾನಿಗೆ ರೊಕ್ಕ ಕೊಡ್ತಾರೇನೇ?” ಎಂದಿದ್ದಳು ಅಜ್ಜಿ. “ಕೆಟ್ರೆ ಇರ್ಲಿ ಅಂತ ಅಮ್ಮಾ,” ಅಂದರೆ, “ಕೆಡ್ಲಿ ಅಂತ ಕಾಯ್ಕೊಂಡು ಕುಂತಂಗಾತು!” ಎಂದು ಇನ್ನಷ್ಟು ನಕ್ಕಿದ್ದಳು. ಆ ವರ್ಷ ಅಮ್ಮ ದೀಪಾವಳಿಗೆ ಸೀರೆ ತೆಗೆದುಕೊಂಡಿರಲಿಲ್ಲ. ಈಗ ಯಾರೂ ನಗಲಿಲ್ಲ.

ಅಮ್ಮ ಶಿವಮೊಗ್ಗದ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

“ಒಳಗಿನ ಪೈಪ್ ಲೀಕ್ ಆಗಿದ್ರೆ ಎಲ್ಲಾ ಕವರ್ ಆಗುತ್ತೆ ಮೇಡಂ. ಅದರಿಂದ ಬೇರೆ ಪಾರ್ಟ್ ಹಾಳಾಗಿದ್ರೂ ಹೊಸದು ಹಾಕ್ಕೊಡ್ತೀವಿ. ಆದ್ರೆ ಹೊರಗಿಂದ ನೀರು ಬಿದ್ದು ಹಾಳಾಗಿದ್ರೆ ಏನೂ ಸಿಗಲ್ಲ. ನಾಳಿದ್ದು ನಮ್ಮ ಇಂಜಿನಿಯರ್ ಬಂದು ಚೆಕ್ ಮಾಡ್ತಾರೆ.”

ಏನೂ ಸಿಗಲ್ಲ! ಸ್ಪಂದನ ಬಾಗಿಲ ಹಿಂದಕ್ಕೆ ಸರಿದಳು.

“ಏನೂ ಸಿಗ್ದಿದ್ರೆ?” ಅಪ್ಪ ಕೇಳಿದ.

“ಇನ್ನೇನು, ಸ್ಟುಡಿಯೋ ಬಾಗಿಲು ಹಾಕೋದು. ಮತ್ತೆ ಶಿವಮೊಗ್ಗದ ಬಸ್ಸೇ ಗತಿ,” ಅಂದಳು ಅಮ್ಮ.

ಶಿವಮೊಗ್ಗದ ಬಸ್ಸು ಅಂದರೆ ಏನು ಅಂತ ಸ್ಪಂದನಳಿಗೆ ಗೊತ್ತು. ಈ ಕಂಪ್ಯೂಟರ್ ಬರುವ ಮೊದಲು ಅಮ್ಮ ಅಲ್ಲಿ ಯಾರದೋ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದಳು. ಸ್ಪಂದನ ಏಳುವಷ್ಟರಲ್ಲಿ ಅಮ್ಮ ಹೊರಟು ಹೋಗಿರುತ್ತಿದ್ದಳು. ಬರುವಷ್ಟರಲ್ಲಿ ಸ್ಪಂದನಳಿಗೆ ನಿದ್ದೆ ಬಂದಿರುತ್ತಿತ್ತು. ಅಪ್ಪ ಹಾಕಿದ ಸೊಟ್ಟ ಜಡೆಯಲ್ಲಿ ಅವಳು ಶಾಲೆಗೆ ಹೋಗುತ್ತಿದ್ದಳು. ಅಮ್ಮ ಮನೆಯಲ್ಲೇ ಕೆಲಸ ಮಾಡುವ ಹಾಗಾದದ್ದು ಈ ಕಪ್ಪು ಪೆಟ್ಟಿಗೆಯಿಂದ. ಅದನ್ನೇ ಅವಳು ಕೈಯಾರೆ ಕೆಡಿಸಿಬಿಟ್ಟಿದ್ದಳು.

ದಸರಾ ರಜೆ ಬೇರೆ. ಶಾಲೆಗೆ ಹೋಗಿ ಮರೆತು ಕೂರೋಣವೆಂದರೆ ಅದೂ ಇಲ್ಲ. ಇಡೀ ದಿನ ಮನೆಯಲ್ಲೇ ಇರಬೇಕು, ಅಮ್ಮನ ಕಣ್ಣೆದುರೇ ಓಡಾಡಬೇಕು. ಅಮ್ಮನೋ, ಮುಟ್ಟಿದ್ದಕ್ಕೂ ಬೈಯುತ್ತಾಳೆ, ಮುಟ್ಟದ್ದಕ್ಕೂ ಬೈಯುತ್ತಾಳೆ. ಲೋಟ ಜೋರಾಗಿ ಇಟ್ಟರೆ ಬೈಗುಳ. ಬಾಗಿಲು ಮೆಲ್ಲಗೆ ಹಾಕಿದರೆ, “ಕಳ್ಳಿ ಹಾಗೆ ಯಾಕೆ ಓಡಾಡ್ತೀಯ?” ಎಂದು ಬೈಗುಳ. ಅಮ್ಮನಿಗೆ ಗೊತ್ತಾಗಿಬಿಟ್ಟಿದೆ, ಬೇಕೆಂದೇ ಹೇಳುತ್ತಿಲ್ಲ ಅಂತ ಸ್ಪಂದನಳಿಗೆ ಅನ್ನಿಸಿತು.

ಹೇಳಿಬಿಡೋಣ ಅಂತ ಒಂದು ಸಲ ಹತ್ತಿರ ಹೋದಳು.

“ಅಮ್ಮಾ...”

“ಏನೇ?” ಅಮ್ಮ ಎಷ್ಟು ಜೋರಾಗಿ ತಿರುಗಿದಳೆಂದರೆ ಸ್ಪಂದನ ಒಂದು ಹೆಜ್ಜೆ ಹಿಂದಿಟ್ಟಳು.

“ಏನಿಲ್ಲ. ರಬ್ಬರ್ ಎಲ್ಲಿದೆ?”

“ನನ್ನ ತಲೆ ಮೇಲಿದೆ, ನೋಡು!”

ಅವತ್ತು ರಾತ್ರಿ ಊಟಕ್ಕೆ ಅವಳಿಗಿಷ್ಟದ ಕೆಸುವಿನ ಪತ್ರೊಡೆ ಇತ್ತು. ಒಂದು ತುಂಡೂ ಇಳಿಯಲಿಲ್ಲ. ಹೊಟ್ಟೆನೋವು ಅಂದಳು. ಅದು ಸುಳ್ಳೇನೂ ಆಗಿರಲಿಲ್ಲ.

ಹೇಳಿದ ದಿನ ಇಂಜಿನಿಯರ್ ಬಂದರು. ಜ್ಯೋತಿಲಕ್ಷ್ಮಿ ಅಂತ ಹೆಸರು. ಬೆನ್ನಿಗೆ ದೊಡ್ಡ ಬ್ಯಾಗು, ಬಸ್ಸಿನಲ್ಲಿ ನಿಂತುಕೊಂಡೇ ಬಂದ ಸುಸ್ತು. ಅಜ್ಜಿ ಕೊಟ್ಟ ಮಜ್ಜಿಗೆಯನ್ನು ಗಟಗಟ ಕುಡಿದು ಟ್ಯಾಬ್ ತೆಗೆದರು.

“ಓಪನ್ ಮಾಡೋಕೆ ಮುಂಚೆ ಒಂದು ಪ್ರಶ್ನೆ ಕೇಳ್ಲೇಬೇಕು ಮೇಡಂ. ನೀರು, ಕಾಫಿ, ಏನಾದ್ರೂ ಹೊರಗಿಂದ ಇದರ ಮೇಲೆ...”

“ಇಲ್ಲ,” ಅಂದಳು ಅಮ್ಮ. ಪ್ರಶ್ನೆ ಇನ್ನೂ ಮುಗಿದೇ ಇರಲಿಲ್ಲ. “ಒಂದು ಹನಿನೂ ಬಿದ್ದಿಲ್ಲ. ನಮ್ಮನೇಲಿ ಇದರ ಹತ್ರ ಯಾರನ್ನೂ ಬಿಡೋದೇ ಇಲ್ಲ ರೀ.”

“ಸರಿ, ಹಾಗಂತ ಬರ್ಕೊಂಡಿದೀನಿ. ಇಲ್ಲೊಂದು ಸೈನ್ ಮಾಡಿ. ಆಮೇಲೆ ಸುಳ್ಳು ಅಂತ ಗೊತ್ತಾದ್ರೆ ವಾರಂಟಿನೇ ಕ್ಯಾನ್ಸಲ್ ಆಗುತ್ತೆ, ಅದೊಂದು ನೆನಪಿರ್ಲಿ.”

ಅಮ್ಮನ ಬೆರಳು ಟ್ಯಾಬಿನ ಹತ್ತಿರ ಹೋಯಿತು. ಸ್ಪಂದನ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು. ಅಜ್ಜಿ ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಹೇಳಿದರೆ ಕಂಪ್ಯೂಟರ್ ಹೋಯಿತು, ಅಮ್ಮ ಮತ್ತೆ ಬಸ್ಸು ಹತ್ತುತ್ತಾಳೆ. ಹೇಳದಿದ್ದರೆ? ಆ ಪೆಟ್ಟಿಗೆ ತೆಗೆದ ಕೂಡಲೇ ಇವರಿಗೆ ತೀರ್ಥ ಸಿಕ್ಕೇ ಸಿಗುತ್ತದೆ. ಆಗ ಅಮ್ಮನನ್ನು ಅವಳ ಮನೆಯಲ್ಲೇ ನಿಲ್ಲಿಸಿ, ನೀವು ಸುಳ್ಳು ಹೇಳಿದ್ರಿ ಅನ್ನುತ್ತಾರೆ. ಪಾಪ, ಅಮ್ಮನಿಗೆ ಏನೂ ಗೊತ್ತಿಲ್ಲ!

“ಸೈನ್ ಮಾಡ್ಬೇಡ ಅಮ್ಮಾ!” ಅವಳ ದನಿ ಅವಳಿಗೇ ಗುರುತು ಸಿಗದಷ್ಟು ಕೀರಲಾಗಿತ್ತು. “ನಾನು ತೀರ್ಥ ಹಾಕಿದೀನಿ. ಪೂಜೆ ದಿನ. ಮೇಲಿನ ತೂತಲ್ಲಿ ಹೋಯ್ತು.”

ಅಮ್ಮನ ಬೆರಳು ಅಲ್ಲೇ ನಿಂತಿತು. ಬಸ್‌ಸ್ಟ್ಯಾಂಡಿನ ಕಡೆಯಿಂದ ಹಾರ್ನ್ ಕೇಳಿಸಿತು.

“ಆ ಕೂಸಿಂದೇನೂ ತಪ್ಪಿಲ್ರಿ,” ಅಜ್ಜಿ ತೋಳು ಬಿಟ್ಟು ಮುಂದೆ ಬಂದಳು. “ಹಾಕು ಅಂದಾಕಿ ನಾನು. ಬೈಯೋದಿದ್ರ ನನಗ ಬೈರಿ.”

ಸ್ಪಂದನ ಕಣ್ಣು ಮುಚ್ಚಿಕೊಂಡಳು. ಬೀಳುತ್ತದೆ ಏಟು, ಈಗ ಬೀಳುತ್ತದೆ. ಬೀಳಲಿಲ್ಲ. ಕಣ್ಣು ಬಿಟ್ಟರೆ ಅಮ್ಮ ಕುರ್ಚಿಯ ಮೇಲೆ ಕುಸಿದು ಕುಳಿತಿದ್ದಳು.

“ನಾನೂ...” ಅಂದಳು ಅಮ್ಮ. “ಪೂಜೆಗೆ ಮುಂಚೆ ಎಲ್ಲಾ ತೊಳಿತೀವಲ್ಲ ರೀ, ಅವತ್ತು ಇದರ ಪಕ್ಕದ ಗಾಜಿನ ಬಾಗಿಲು ತೆಗೆದು ಒದ್ದೆ ಬಟ್ಟೇಲಿ ಒಳಗೆಲ್ಲ ಒರೆಸಿದೆ. ಬಟ್ಟೆ ಸರಿಯಾಗಿ ಹಿಂಡಿರ್ಲಿಲ್ಲ. ನೀರು ಇಳೀತಾ ಇದ್ದದ್ದು ನೋಡಿದೀನಿ. ನನ್ನ ಕೈಯಿಂದಲೇ ಹೋಯ್ತು ಅಂತ ಅವತ್ತಿಂದ ನನಗೆ... ಆದ್ರೂ ಇಲ್ಲ ಅಂದ್ಬಿಟ್ಟೆ.”

ಸ್ಪಂದನ ಬಾಯಿ ಬಿಟ್ಟುಕೊಂಡು ಅಮ್ಮನನ್ನೇ ನೋಡಿದಳು.

ಜ್ಯೋತಿಲಕ್ಷ್ಮಿ ಹಣೆ ಉಜ್ಜಿಕೊಂಡರು. “ಹಬ್ಬ ಮುಗಿದ್ರೆ ಸಾಕು, ನಮಗೆ ಎಲ್ಲಾ ಕಡೆ ಇದೇ ಕತೆ. ಮೊನ್ನೆ ಒಂದು ಪ್ರಿಂಟರೊಳಗೆ ನಿಂಬೆಹಣ್ಣು ಸಿಕ್ತು. ನೋಡಿ, ನೀವಿಬ್ರೂ ಹೇಳಿದ್ದನ್ನ ನಾನು ಬರೀಲೇಬೇಕು. ಬಿಡೋಕಾಗಲ್ಲ.”

“ಬರೀರಿ,” ಅಂದಳು ಅಮ್ಮ.

ಬರೆದುಕೊಂಡು ಆಮೇಲೆ ಅವರು ಗಾಜಿನ ಬಾಗಿಲು ತೆಗೆದರು. ಟಾರ್ಚ್ ಹಾಕಿದರು. ಟಿಶ್ಯೂ ಪೇಪರಿನಿಂದ ಪೈಪನ್ನು ಉದ್ದಕ್ಕೂ ಒತ್ತುತ್ತ ಹೋದರು. ಪೈಪು ಪಂಪಿಗೆ ಸೇರುವ ಮೂಲೆಯಲ್ಲಿ ಪೇಪರ್ ನೆನೆದು ಲೋಳೆಲೋಳೆಯಾಯಿತು. ಅಲ್ಲಿ ಬೆಳ್ಳಗೆ ಉಪ್ಪಿನಂಥದ್ದು ಹೆಪ್ಪುಗಟ್ಟಿತ್ತು.

“ಇದು ನೀರಲ್ಲ, ಕೂಲಿಂಗ್ ಲಿಕ್ವಿಡ್. ಈ ಬಿಳಿ ಪುಡಿ ನೋಡಿ. ಹಬ್ಬಕ್ಕಿಂತ ಎಷ್ಟೋ ಮುಂಚೆಯಿಂದ ಸೋರ್ತಾ ಇದೆ. ಆದ್ರೆ ಡಿಸೈಡ್ ಮಾಡೋದು ನಾನಲ್ಲ. ನೀವು ಹೇಳಿದ್ದು, ನಾನು ನೋಡಿದ್ದು, ಫೋಟೋ, ಎಲ್ಲಾ ಕಳಿಸ್ತೀನಿ. ನಾಳೆ ಫೋನ್ ಬರುತ್ತೆ.”

ಅವರು ಬಸ್ಸಿಗೆ ಹೋದ ಮೇಲೆ ಅಮ್ಮ ಬೈಯಲಿಲ್ಲ. ಸ್ಪಂದನ ಲೋಟವನ್ನು ಕೈಜಾರಿ ಬೀಳಿಸಿದಾಗಲೂ ಬೈಯಲಿಲ್ಲ.

ಮರುದಿನ ಅಮ್ಮ ಹೂಕೋಸು ಹೆಚ್ಚುತ್ತ ಕುಳಿತಿದ್ದಾಗ ಫೋನ್ ಹೊಡೆದುಕೊಂಡಿತು. ಶಿವಮೊಗ್ಗದ ನಂಬರು. ಅಮ್ಮ ಅದನ್ನು ನೋಡಿದಳು, ಎತ್ತಲಿಲ್ಲ. ಮತ್ತೆ ನೋಡಿದಳು.

“ಸ್ಪಂದೂ, ನೀನೇ ಎತ್ತೇ.”

ಅಮ್ಮನ ತುಟಿ ಒಣಗಿತ್ತು. ಹುಬ್ಬು ಗಂಟಾಗಿತ್ತು. ಇಷ್ಟು ದಿನ ಬೈಯುವಾಗಲೆಲ್ಲ ಇದೇ ಮುಖ ಇತ್ತು. ಸ್ಪಂದನ ಅದನ್ನು ಸಿಟ್ಟು ಅಂದುಕೊಂಡಿದ್ದಳು. ಸಿಟ್ಟಾಗಿರಲಿಲ್ಲ ಅದು. ಅವಳು ಫೋನ್ ತೆಗೆದುಕೊಂಡು ಅಮ್ಮನ ಪಕ್ಕ ನೆಲದ ಮೇಲೇ ಕುಳಿತು ಸ್ಪೀಕರ್ ಒತ್ತಿದಳು.

“ಹಲೋ, ನಾಗವೇಣಿ ಮೇಡಂ ಮನೆನಾ? ನಿಮ್ಮ ಕ್ಲೇಮ್ ಪಾಸ್ ಆಗಿದೆ. ಹಾಳಾಗಿರೋದು ಪೈಪ್ ಲೀಕಿಂದಲೇ. ಹೊಸ ಕೂಲರು, ನೆನೆದು ಹೋಗಿರೋ ಗ್ರಾಫಿಕ್ಸ್ ಕಾರ್ಡಿನ ಬದಲಿಗೆ ಹೊಸದು, ಎರಡೂ ಕಳಿಸ್ತೀವಿ, ಸ್ವಲ್ಪ ದಿನ ಆಗುತ್ತೆ. ಹಲೋ? ಕೇಳಿಸ್ತಾ?”

“ಕೇಳಿಸ್ತು,” ಅಂದಳು ಸ್ಪಂದನ. “ಥ್ಯಾಂಕ್ಸ್ ಅಂಕಲ್.”

ಅಮ್ಮ ಮುಖಕ್ಕೆ ಸೆರಗು ಹಿಡಿದುಕೊಂಡಳು. ಭುಜಗಳು ಕುಲುಕತೊಡಗಿದವು.

“ಅಯ್ಯ, ಪಾಸಾತು ಅಂದ್ರ ಅಳಾಕ ಹತ್ತೀಯಲ್ಲೇ,” ಅಜ್ಜಿ ಗದರಿದಳು. “ಫೇಲಾಗಿದ್ರ ಏನ್ ಮಾಡ್ತಿದ್ದಿ?”

ಸ್ಪಂದನ ಇನ್ನಷ್ಟು ಹತ್ತಿರ ಸರಿದು ಅಮ್ಮನ ತೋಳಿಗೆ ಒರಗಿದಳು.

“ನಂಗೆ ತುಂಬಾ ಹೊಟ್ಟೆ ನೋಯ್ತಿತ್ತಮ್ಮ,” ಅಂದಳು.

“ನಂಗೂ ಕಣೇ,” ಅಂದಳು ಅಮ್ಮ.