ನಾಲ್ಕನೇ ಮಹಡಿಯ ಮನೆಗೆ ದಿನಕ್ಕೊಂದು ದೋಷ

"ಈ ಕಟ್ಟಡದಲ್ಲಿ ಇಲಿಗಳಿವೆಯಂತೆ," ಎಂದ ಹಿಂದೆ ನಿಂತವನು.

ಯೋಕಾಸ್ತಾ ತಿರುಗಿಯೂ ನೋಡಲಿಲ್ಲ. "ಇರಲಿ ಬಿಡಿ. ನಾನೀಗ ಚಿಕ್ಕಮ್ಮನ ಮನೇಲಿ ಮೂರು ಗಿಳಿಗಳ ಜೊತೆ ಮಲಗ್ತೀನಿ. ಇಲಿಗಳು ಮಾತಾದ್ರೂ ಆಡಲ್ಲ."

ನ್ಯೂಯಾರ್ಕಿನ ಇನ್‌ವುಡ್‌ನಲ್ಲಿ ಒಂದು ಬೆಡ್‌ರೂಮಿನ ಮನೆ ಖಾಲಿಯಾಗಿತ್ತು. ಅದೂ ಮಾಲೀಕ ಮನಬಂದಂತೆ ಬಾಡಿಗೆ ಏರಿಸಲಾಗದ, ಕಾನೂನಿನ ಕಾವಲಿರುವ ಮನೆ! ಶನಿವಾರ ಬೆಳಿಗ್ಗೆ ಎಂಟಕ್ಕೇ ಸಾಲು ಮೆಟ್ಟಿಲಿಳಿದು ಬೀದಿಯ ತಿರುವಿನ ಬೇಕರಿ ಮುಟ್ಟಿತ್ತು.

ಹಿಂದಿನವನ ಹೆಸರು ಫಿಂಟನ್. ಪಿಯಾನೊಗಳ ಶ್ರುತಿ ಸರಿಪಡಿಸುವವನು. ಅಂಗಡಿಯಲ್ಲೇ ಎರಡು ಪಿಯಾನೊಗಳ ನಡುವೆ ಮಲಗುತ್ತಿದ್ದ. ಕಣ್ಣಲ್ಲಿ ನಗು, ಕೈಯಲ್ಲಿ ಅರ್ಧಂಬರ್ಧ ಕಾಗದಪತ್ರ. ದಂತವೈದ್ಯರ ಸಹಾಯಕಿ ಯೋಕಾಸ್ತಾಳ ಕಾಗದಪತ್ರದಲ್ಲಿ ಒಂದೂ ಕೊರತೆಯಿರಲಿಲ್ಲ.

"ಮಗಳೇ, ಮನೆ ನಿನಗೇ. ಶುಕ್ರವಾರ ಸಂಜೆ ಐದರೊಳಗೆ ಸಹಿ ಹಾಕು," ಎಂದಳು ಕಟ್ಟಡ ನೋಡಿಕೊಳ್ಳುವ ದೊನ್ಯಾ ಎನೈದಾ. "ಇಲ್ಲಾಂದ್ರೆ ಮನೆ ಈ ಉದ್ದನೆ ಹುಡುಗನಿಗೆ."

"ಮನಸ್ಸು ಬದಲಾದ್ರೆ ನನಗೆ ಹೇಳಿ," ಎಂದು ಫಿಂಟನ್ ನಂಬರ್ ಕೇಳಿದ. ಗೆದ್ದವಳ ಉದಾರತನದಲ್ಲಿ ಅವಳು ಕೊಟ್ಟುಬಿಟ್ಟಳು.

ಸೋಮವಾರ ಫೋನ್ ಬಂತು. "ಅಲ್ಲಿ ಹೀಟರ್ ಪೈಪು ಟಣ್ ಟಣ್ ಅನ್ನುತ್ತಂತೆ."

"ಯಾವ ಶ್ರುತಿಯಲ್ಲಿ?"

ಅತ್ತ ಕಡೆಯವನು ನಕ್ಕ ರೀತಿಗೆ ಇವಳ ಕಿವಿ ಬಿಸಿಯಾಯಿತು.

ಮಂಗಳವಾರ: "ಅಡುಗೆಮನೆ ಕಿಟಕಿಯಿಂದ ಬರೀ ಗೋಡೆ ಕಾಣುತ್ತೆ."

"ಗೋಡೆ ನಿಮ್ಮ ಹಾಗೆ ಫೋನ್ ಮಾಡಿ ತಲೆ ತಿನ್ನಲ್ಲ."

ಬುಧವಾರ ಫಿಂಟನ್ ದೋಷ ಹೇಳುವುದೇ ಮರೆತು, ಅವಳು ಬಾಳೆಕಾಯಿಯನ್ನು ಬೇಯಿಸಿ ಹಿಸುಕುವ ಬಗೆಯನ್ನು ನಲವತ್ತು ನಿಮಿಷ ಕೇಳಿದ.

ಗುರುವಾರ ಫೋನ್ ಬರಲಿಲ್ಲ. ರೋಗಿಯ ಬಾಯಿಗಿಡಬೇಕಾದ ಹತ್ತಿಯನ್ನು ಯೋಕಾಸ್ತಾ ತನ್ನ ಜೇಬಿಗೆ ಹಾಕಿಕೊಂಡಳು.

ಶುಕ್ರವಾರ ಸಂಜೆ ಸಹಿಗೆಂದು ಹೋದರೆ, ಕಟ್ಟಡದ ಮೆಟ್ಟಿಲ ಮೇಲೆ ಫಿಂಟನ್ ಕೂತಿದ್ದ.

"ನಿನ್ನೆ ಯಾಕೆ ಫೋನ್ ಮಾಡ್ಲಿಲ್ಲ?"

"ಹೆದರಿಕೆ ಆಯ್ತು. ನನ್ನ ಮಾತು ನಂಬಿ ಮನೆ ಬೇಡ ಅಂದ್ಬಿಟ್ರೆ?"

"ನಿಮಗೇ ಸಿಗ್ತಿತ್ತಲ್ಲ!"

"ಸಿಗ್ತಿತ್ತು. ಆಮೇಲೆ ನಿಮಗೆ ಫೋನ್ ಮಾಡೋಕೆ ನೆಪ ಎಲ್ಲಿಂದ ತರ್ಲಿ?" ಅವನು ತನ್ನ ಬೂಟು ನೋಡಿಕೊಂಡ. "ಅದಕ್ಕೇ ಬಂದೆ. ಸಹಿ ಹಾಕಿ ಅಂತ ಹೇಳೋಕೆ."

ಮೇಲಿನ ಕಿಟಕಿಯಿಂದ ದೊನ್ಯಾ ಎನೈದಾ ತಲೆ ಹೊರಹಾಕಿ ಕೂಗಿದಳು: "ಮಗಳೇ, ಇನ್ನು ಐದೇ ನಿಮಿಷ! ಗಂಡಸರು ಈ ಊರಲ್ಲಿ ಎಲ್ಲಿ ಬೇಕಾದ್ರೂ ಸಿಗ್ತಾರೆ, ಇಂಥ ಬಾಡಿಗೆ ಸಿಗಲ್ಲ!"

ಯೋಕಾಸ್ತಾ ಎರಡೆರಡು ಮೆಟ್ಟಿಲು ಹಾರಿ ಓಡಿದಳು. ಕೆಳಗಿಳಿದಾಗ ಕೈಯಲ್ಲಿ ಬೀಗದಕೈ. ಫಿಂಟನ್ ಇನ್ನೂ ಅಲ್ಲೇ ಇದ್ದ.

"ಭಾನುವಾರ ಊಟಕ್ಕೆ ಬನ್ನಿ," ಎಂದಳು ಏದುಸಿರಿನಲ್ಲೇ.

"ಎಷ್ಟು ಹೊತ್ತು ಇರಬಹುದು?"

"ಕರಾರು ಎರಡು ವರ್ಷದ್ದು." ಯೋಕಾಸ್ತಾ ಮುಖ ಬೇರೆಡೆ ತಿರುಗಿಸಿದಳು. "ಆಮೇಲೆ ಬೇಕಂದ್ರೆ ಮುಂದುವರಿಸ್ತಾರಂತೆ."