ಬಸಿಯ ಅಂಚು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಎದುರು, ಇಮಾಮಸಾಬರ ಚಹಾದ ಅಂಗಡಿಯಲ್ಲಿ ತೊಟ್ಟು ಬಿಡಿಸುವ ಕೂಲಿಯ ಗಂಗವ್ವ ಕಪ್ಪಿನಡಿಯ ಬಸಿಗೆ ಚಹಾ ಸುರಿದು ಉಫ್ ಎಂದು ಊದಿದಳು. ಬಸಿಯ ಬಿಳಿ ಅಂಚು ನೀಲಿಯಾಯಿತು. 2060ರ ಡಿಸೆಂಬರ್, ಬೆಳಗಿನ ಏಳು ಗಂಟೆ.

"ಬಸಿ ಕೆಟ್ಟೈತಿ ಇಮಾಮಣ್ಣ, ಬ್ಯಾರೆ ಕೊಡು."

ಎರಡನೆಯದೂ ನೀಲಿಯಾಯಿತು. ಇಮಾಮಸಾಬರು ವಿಜ್ಞಾನಿ ಸುಲಭಾ ಕಡಕೋಳ ಅವರಿಗೆ ಫೋನ್ ಮಾಡಿದರು.

ಕ್ಷಯದ ರೋಗಾಣುಗಳು ಉಸಿರಿಗೆ ಬೆರೆಸುವ ಅನಿಲ ತಾಗಿದರೆ ಬಣ್ಣ ಬದಲಿಸುವ ಲೇಪವನ್ನು ಕಂಡುಹಿಡಿದವರು ಸುಲಭಾ. ಬರೀ ಮೆಣಸಿನ ಘಾಟಿನ ಕೆಮ್ಮಾದರೆ ಅದು ಬೆಳ್ಳಗೇ ಉಳಿಯುತ್ತದೆ. ಮೊದಲ ವರ್ಷ ಈ ಲೇಪ ದೊಡ್ಡಾಸ್ಪತ್ರೆಯೊಂದರ ಗಾಜಿನ ಪೆಟ್ಟಿಗೆಯಲ್ಲಿ ಠೀವಿಯಿಂದ ಕೂತಿತ್ತು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಒಬ್ಬರೂ ಅತ್ತ ಸುಳಿಯಲಿಲ್ಲ. ಇಡೀ ಪೇಟೆಯೇ ಕೆಮ್ಮುವಾಗ ಕೆಮ್ಮನ್ನು ರೋಗವೆಂದು ಎಣಿಸುವವರು ಯಾರು? ಕೊನೆಗೆ ಸುಲಭಾ ಹಮ್ಮು ಬಿಟ್ಟು, ಎಲ್ಲರೂ ದಿನವೂ ಊದುವ, ಇಮಾಮಸಾಬರ ಅಂಗಡಿಯ ಬಸಿಗಳಿಗೇ ಅದನ್ನು ಬಳಿದು, ನೀಲಿಯಾದರೆ ತಿಳಿಸಲು ಅವರಿಗೆ ಹೇಳಿದ್ದರು.

"ಎಷ್ಟು ದಿನದಿಂದ ಕೆಮ್ಮು, ಗಂಗವ್ವ?" ಅಂಗಡಿಗೆ ಬಂದ ಸುಲಭಾ ಕೇಳಿದರು.

"ದಸರಾದಿಂದ. ಘಾಟಿನ ಕೆಮ್ಮು ಬಿಡ್ರಿ."

"ಇದು ಕ್ಷಯ ಇರಬಹುದು. ಅದಕ್ಕ ಗುಳಿಗಿ ಪುಕ್ಕಟೆ ಐತಿ. ಆಸ್ಪತ್ರಿಗೆ ಯಾಕ ಬರಲಿಲ್ಲ?"

"ಗುಳಿಗಿ ಪುಕ್ಕಟೆ ಅಕ್ಕಾರ, ಹೋಗೋದು ಪುಕ್ಕಟೆ ಅಲ್ಲ. ಒಂದಿನ ಚೀಟಿ, ಒಂದಿನ ಎಕ್ಸ್‌ರೇ, ಒಂದಿನ ರಿಪೋರ್ಟು. ಮೂರು ದಿನದ ಪಗಾರ ಹೋದ್ರ ಒಲಿ ಹತ್ತಂಗಿಲ್ಲ."

ಸುಲಭಾಗೆ ನಾಚಿಕೆಯಾಯಿತು. ಮರುದಿನವೇ ವೈದ್ಯರು ಅಂಗಿಯ ಜೇಬಿನಲ್ಲಿ ಹಿಡಿಸುವಷ್ಟು ಪುಟ್ಟ ಎಕ್ಸ್‌ರೇ ಯಂತ್ರ ಹಿಡಿದು ಚಹಾದಂಗಡಿಯ ಹಿತ್ತಿಲಿಗೆ ಬಂದರು. ಕಫದ ಪರೀಕ್ಷೆಯಲ್ಲೂ ಕ್ಷಯ ಹೌದೆಂದು ಖಾತ್ರಿಯಾಯಿತು. ಗುಳಿಗೆಗಳು ಬಿಸ್ಕತ್ತಿನ ಡಬ್ಬಿಯ ಪಕ್ಕ ಕೂತವು. ಆರು ತಿಂಗಳು ಇಮಾಮಸಾಬರು ಗುಳಿಗೆ ನುಂಗಿಸದೆ ಗಂಗವ್ವನಿಗೆ ಚಹಾ ಕೊಡಲಿಲ್ಲ. ಆಕೆ ಬೈದಷ್ಟೂ ಅವರು ನಕ್ಕರು.

ಜೂನಿನಲ್ಲಿ ವೈದ್ಯರು ಮತ್ತೆ ಪರೀಕ್ಷಿಸಿ, ಗುಣವಾಗಿದೆ ಎಂದರು. ಗಂಗವ್ವ ಅಷ್ಟಕ್ಕೆ ನಂಬುವವಳಲ್ಲ. ಗೆಳತಿಯರೆಲ್ಲ ಸುತ್ತ ನಿಂತಿರಲು ಬಸಿ ಊದಿದಳು. ಅಂಚು ಬೆಳ್ಳಗೇ ಉಳಿಯಿತು.

"ಬಸಿ ಕೆಟ್ಟಿಲ್ಲ ಹೌದಿಲ್ಲೊ?" ಎಂದಳು. ಇನ್ನೊಂದು ತರಿಸಿ ಊದಿದಳು. ಅದೂ ಬಿಳಿ. ಪೇಟೆಯ ಹೆಂಗಸರ ಹಿಗ್ಗು ಹೇಳತೀರದು. ಆ ದಿನ ಎಲ್ಲರಿಗೂ ಗಂಗವ್ವನ ಲೆಕ್ಕದಲ್ಲಿ ಮಿರ್ಚಿ ಬಜಿ, ಚಹಾ.

ಸುಲಭಾರ ಬಸಿ ದೇಶದ ತುಂಬ ಹೆಸರಾಯಿತು. ಸನ್ಮಾನದ ಸಭೆಯಲ್ಲಿ ಅವರು ಇಷ್ಟೇ ಹೇಳಿದರು:

"ನಮ್ಮಜ್ಜಿಯ ಕಾಲದಲ್ಲಿ, 2025ರಲ್ಲೂ, ಈ ರೋಗಕ್ಕೆ ಸರ್ಕಾರದ ಗುಳಿಗೆ ಪುಕ್ಕಟೆಯೇ ಇತ್ತು. ಚಹಾದಂಗಡಿಯೂ ಪೇಟೆಯ ಎದುರೇ ಇತ್ತು. ಆ ಗುಳಿಗೆಯನ್ನು ಆ ಅಂಗಡಿಗೆ ತಂದಿಡಲು ಯಾರೂ ನನ್ನ ಬಸಿಗಾಗಿ ಕಾಯಬೇಕಿರಲಿಲ್ಲ."