ಹಿಡಕಲ್ ನೀರಿನಲ್ಲಿ ಒಂದು ಹೆಸರು

"ಅಜ್ಜಾರ... ಹೊರಗ ಬರ್ರಿ. ಅಲ್ಲಿ ಕೆಸರೈತಿ."

ಮೊಣಕಾಲುಮಟ್ಟದ ನೀರಿನಲ್ಲಿ ನಿಂತಿದ್ದ ಮುದುಕರು ತಿರುಗಿ ನೋಡಲಿಲ್ಲ. ಹಿಡಕಲ್ ಜಲಾಶಯದ ಹಿನ್ನೀರು ಇಳಿಬಿಸಿಲಿಗೆ ಕೆಂಪಗಾಗಿತ್ತು. ಮೀನು ಹಿಡಿಯುವವರು ಬಲೆ ಸುತ್ತಿಕೊಂಡು ಹೋಗಿಯಾಗಿತ್ತು. ದಂಡೆಯ ಮೇಲೆ ಸಾಯಿರಾ ಒಬ್ಬಳೇ ಇದ್ದಳು.

ಇವರೇ ಇರಬೇಕು... ಹುಕ್ಕೇರಿಯ ರಮಜಾನಸಾಬರು. ತಾನೆಂದೂ ಕಾಣದ ಅಜ್ಜ, ದಾದಾನ ಜೊತೆ ಎಪ್ಪತ್ತೊಂದರ ಯುದ್ಧಕ್ಕೆ ಹೋಗಿ, ತಾವೊಬ್ಬರೇ ತಿರುಗಿ ಬಂದವರು.

ಅವಳು ಚಪ್ಪಲಿ ಬಿಟ್ಟು ನೀರಿಗಿಳಿದಳು.

"ನಾ ಮಸಗುಪ್ಪಿಯಾಕಿರಿ. ಗೌಸಸಾಬರ ಮೊಮ್ಮಗಳು."

ಆ ಹೆಸರು ಕಿವಿಗೆ ಬಿದ್ದದ್ದೇ ತಡ, ಮುದುಕರ ಬಾಗಿದ ಬೆನ್ನು ನೆಟ್ಟಗಾಯಿತು. ಆದರೆ ಅವರು ಅವಳತ್ತ ತಿರುಗಲಿಲ್ಲ. ಎದುರಿನ ಖಾಲಿ ನೀರಿಗೆ ಕೈ ಚಾಚಿದರು.

"ಗೌಸ್... ತಡಿ, ಬಂದೆ..."

ಒಂದೊಂದೇ ಹೆಜ್ಜೆ ಒಳಗೆ ನಡೆದರು. ನೀರು ಸೊಂಟಕ್ಕೆ ಬಂತು. ಎದೆಗೆ ಬಂತು. ಸಾಯಿರಾ ಅವರತ್ತ ಧಾವಿಸಿದಳು.

ಅಷ್ಟರಲ್ಲಿ ಯಾರೋ ಅವಳನ್ನು ದಾಟಿ ನೀರಿಗೆ ಧುಮುಕಿದರು. ಮುದುಕರ ಕಂಕುಳಿಗೆ ಕೈ ಹಾಕಿ, ಮಗುವನ್ನು ಎತ್ತಿಕೊಂಡು ಬಂದಂತೆ ದಂಡೆಗೆ ತಂದು ಕೂರಿಸಿದ ಆ ಯುವಕನ ಕಣ್ಣುಗಳು ಸಿಟ್ಟಿನಿಂದ ಕೆಂಪಾಗಿದ್ದವು.

"ಯಾರ್ರಿ ನೀವು? ಆ ಹೆಸರು ಇವರ ಮುಂದ ಯಾಕ ತಗದ್ರಿ?"

"ಅದು... ನಮ್ಮ ದಾದಾನ ಹೆಸರ್ರಿ."

ಅವನ ಸಿಟ್ಟು ಥಟ್ಟನೆ ಇಳಿಯಿತು. ಅದರ ಜಾಗದಲ್ಲಿ ಬಂದದ್ದು ಭಯ. ಅವನಿಗೆ ತನ್ನನ್ನು ಕಂಡರೆ ಭಯವೇಕೆ?

"ಹೋಗ್ರಿ," ಎಂದ ಮೆಲ್ಲಗೆ. "ಮತ್ತ ಬರಬ್ಯಾಡ್ರಿ."

ಅವನು ದಾನಿಶ. ರಮಜಾನಸಾಬರ ಮೊಮ್ಮಗ. ಅಣೆಕಟ್ಟಿನ ಗೇಟು ನೋಡಿಕೊಳ್ಳುವ ಕೆಲಸ. ಬುದ್ಧಿ ಮಸುಕಾದ ದಾದಾನನ್ನು ಕ್ವಾರ್ಟರ್ಸಿನಲ್ಲಿ ಇಟ್ಟುಕೊಂಡು ಒಬ್ಬನೇ ಸಾಕುತ್ತಿದ್ದ.

ಬಸ್ಸಿನ ಕಿಟಕಿಗೆ ತಲೆಯಿಟ್ಟು ಊರಿಗೆ ಮರಳುವಾಗ ಸಾಯಿರಾಳ ಕಿವಿಯಲ್ಲಿ ಆ ಕೂಗು ಬಿಡದೆ ಮೊಳಗುತ್ತಿತ್ತು. ಗೌಸ್... ತಡಿ, ಬಂದೆ...

*

ಮಸಗುಪ್ಪಿಯ ಸಾಯಿರಾಳ ಮನೆಯಲ್ಲಿ ಸತ್ತವನೂ ಅಲ್ಲದ, ಬದುಕಿದವನೂ ಅಲ್ಲದ ಒಬ್ಬ ಮನುಷ್ಯ ವಾಸವಾಗಿದ್ದ.

ಸಂಜೆಯಾದರೆ ಅವಳ ಅಜ್ಜಿ, ದಾದಿ ರಶೀದಾಬಿ, ಎದ್ದು ಬಾಗಿಲು ತೆರೆಯುತ್ತಿದ್ದಳು. "ಬೂಟಿನ ಸಪ್ಪಳಾತು," ಎನ್ನುತ್ತಿದ್ದಳು. ಹೊರಗೆ ಯಾರೂ ಇರುತ್ತಿರಲಿಲ್ಲ. ಮುಪ್ಪಿನ ಕೈಯಲ್ಲಿ ಇನ್ನೂ ಹಸಿರು ಗಾಜಿನ ಬಳೆ. ಗಂಡನ ಹೆಸರಲ್ಲಿ, ಸತ್ತವರಿಗೆ ಓದಿಸುವ ಫಾತಿಹಾ ಓದಿಸಲು ಯಾರಿಗೂ ಬಿಟ್ಟವಳಲ್ಲ.

ಗೌಸಸಾಬ ಕಾಣೆಯಾಗಿದ್ದಾನೆ ಎಂದಷ್ಟೇ ಸೈನ್ಯದವರು ತಿಳಿಸಿದ್ದರು. ಉಳಿದದ್ದನ್ನು ಊರಿನ ಬಾಯಿ ತುಂಬಿಕೊಂಡಿತ್ತು. ಹೆದರಿ ಓಡಿ ಹೋದ. ಗಡಿಯಾಚೆ ಇನ್ನೊಂದು ಸಂಸಾರ ಹೂಡಿದ. ಆಗ ದಾದಿಯ ಹೊಟ್ಟೆಯಲ್ಲಿದ್ದ ಸಾಯಿರಾಳ ಅಬ್ಬಾ, ಓಡಿ ಹೋದವನ ಮಗ ಎನ್ನಿಸಿಕೊಂಡೇ ಬೆಳೆದು, ಅದಕ್ಕೊಂದು ಉತ್ತರ ಸಿಗದೆ ಹೋದ ವರ್ಷ ಕಣ್ಣು ಮುಚ್ಚಿದ್ದರು.

ಮಗನನ್ನು ಮಣ್ಣಿಗಿಟ್ಟು ಬಂದ ದಿನ ದಾದಿ ಕೇಳಿದ್ದಳು. "ಬೇಟಿ, ನಾ ರಂಡಿಮುಂಡಿ ಏನು, ಗಂಡ ಬಿಟ್ಟಾಕಿ ಏನು? ಸಾಯೂದ್ರಾಗ ಇಷ್ಟ ತಿಳೀಬೇಕು ನನಗ."

ಅಂದಿನಿಂದ ಸಾಯಿರಾ ಹುಡುಕುತ್ತಿದ್ದಳು. ಮೂಡಲಗಿಯ ಶಾಲೆಯಲ್ಲಿ ಪಾಠ ಮುಗಿಸಿ, ಮಾಜಿ ಸೈನಿಕರಿದ್ದಾರೆಂದು ಕೇಳಿದ ಊರಿಗೆಲ್ಲ ಹೋಗುತ್ತಿದ್ದಳು. ಕೊನೆಗೆ ತುಕ್ಕಾನಟ್ಟಿಯ ಮಾಜಿ ಹವಾಲ್ದಾರ ಅಲ್ಲಪ್ಪ ಅವಳಿಗೆ ದಾರಿ ತೋರಿಸಿದ್ದ. "ನಿಮ್ಮ ಮುತ್ಯಾ ಗೌಸ ಯುದ್ಧದಾಗ ಹೊಳಿ ದಾಟೂ ದಿನ ನಾ ಬ್ಯಾರೆ ಕಡೆ ಇದ್ದೆವಾ. ಅವನ ಬಾಜೂಕ ಇದ್ದವ ರಮಜಾನ. ಇಬ್ರೂ ಒಂದ ತಾಟಿನ್ಯಾಗ ಉಣ್ತಿದ್ರು."

*

ಒಂದು ವಾರದ ಮೇಲೆ ಶಾಲೆ ಬಿಟ್ಟಾಗ ಗೇಟಿನ ಹೊರಗೆ, ಮಸಗುಪ್ಪಿಯಲ್ಲಿ ವಿಚಾರಿಸಿಕೊಂಡು ಬಂದ ದಾನಿಶ ನಿಂತಿದ್ದ.

"ಅವತ್ತು ಬಾಯಿಗೆ ಬಂದಂಗ ಅಂದೆ. ಮಾಫ್ ಮಾಡ್ರಿ. ಅವರು ದಿನಾ ಹಂಗ ನೀರಿಗೆ ಹೊಕ್ಕಾರ್ರಿ. ಒಂದು ದಿನ ನಾ ಬರೂದು ತಡಾ ಆದ್ರ... ಆ ಅಂಜಿಕಿ ನನಗ."

ಅವನ ಕಣ್ಣಡಿಯ ಕಪ್ಪು ಕಂಡು ಅವಳ ಮನಸ್ಸು ಕರಗಿತು. ಇವನಿಗೂ ನಿದ್ದೆಯಿಲ್ಲ... ನಮ್ಮ ಮನೆಯ ಹಾಗೆಯೇ.

"ಅವರು ಏನರ ಹೇಳ್ಯಾರೇನ್ರಿ, ನಮ್ಮ ದಾದಾನ ಬಗ್ಗೆ?"

ದಾನಿಶ ಕಣ್ಣು ಬೇರೆಡೆ ಹೊರಳಿಸಿದ. "ಹೆಸರು ಕರೀತಾರ. ಅಷ್ಟ."

ಅವಳು ನಂಬಿದಳು.

ಆಮೇಲೆ ಹುಡುಕಾಟ ಇಬ್ಬರದಾಯಿತು. ರಜೆಯ ದಿನ ಅವನ ಬೈಕಿನ ಹಿಂದೆ ಕುಳಿತು ಗೋಕಾಕ, ಹುಕ್ಕೇರಿ ಅಂತ ಅಲೆದಳು. ಒಬ್ಬ ಮುದುಕನಿಗೆ ಹೊಳೆಯೊಂದು ನೆನಪಿತ್ತು, ಹೆಸರು ನೆನಪಿರಲಿಲ್ಲ. ಇನ್ನೊಬ್ಬ ಮಾತಾಡುತ್ತಲೇ ಅತ್ತುಬಿಟ್ಟ. ಅಂಥ ಮನೆಗಳಿಂದ ಹೊರಬಿದ್ದಾಗ ಇಬ್ಬರಿಗೂ ಮಾತು ಬೇಕಾಗುತ್ತಿರಲಿಲ್ಲ. ದಾನಿಶ ರಸ್ತೆಬದಿಯಲ್ಲಿ ನಿಲ್ಲಿಸಿ ಚಹಾ ತಂದು ಕೊಡುತ್ತಿದ್ದ. ಅವಳಿಗೆ ಸಕ್ಕರೆ ಕಡಿಮೆ ಬೇಕೆಂದು ಅವನು ಯಾವಾಗ ಗಮನಿಸಿದನೋ, ಅವಳಿಗೆ ಗೊತ್ತಾಗಲಿಲ್ಲ.

ಸತ್ತವರನ್ನು ಹುಡುಕುತ್ತ ಹೊರಟವಳ ಎದೆಯಲ್ಲಿ ಬದುಕಿದವನೊಬ್ಬ ಬಂದು ಕುಳಿತಿದ್ದ. ಅದಕ್ಕೆ ಸಂತೋಷಪಡಲೂ ಅವಳಿಗೆ ಹೆದರಿಕೆ.

ಒಂದು ಭಾನುವಾರ ಕ್ವಾರ್ಟರ್ಸಿನಲ್ಲಿ ಅವಳು ರಮಜಾನಸಾಬರಿಗೆ ಗಂಜಿ ಕುಡಿಸುತ್ತಿದ್ದಳು. ಮುದುಕರು ಇದ್ದಕ್ಕಿದ್ದಂತೆ ತಮ್ಮ ಅಂಗೈ ನೋಡಿಕೊಂಡು ಬಡಬಡಿಸತೊಡಗಿದರು.

"ಗೌಸ್... ಕೈ... ಕೈ ಬಿಟ್ಟು..."

ಚಮಚ ಅವಳ ಕೈಯಲ್ಲೇ ನಿಂತಿತು. ಬಾಗಿಲಲ್ಲಿದ್ದ ದಾನಿಶನ ಮುಖ ನೋಡಿದಳು. ಅಲ್ಲಿ ಆಶ್ಚರ್ಯವಿರಲಿಲ್ಲ.

"ನಿಮಗ ಮೊದ್ಲಿಂದ ಗೊತ್ತಿತ್ತು," ಎಂದಳು.

ಅವನು ತಲೆ ತಗ್ಗಿಸಿದ. "ಸಣ್ಣಾವಿದ್ದಾಗಿಂದ ಕೇಳೇನಿ. ಬುದ್ಧಿ ನೆಟ್ಟಗಿದ್ದಾಗೂ ಅಲ್ಲಿಗೇ ಮಾತು ನಿಲ್ತಿತ್ತು, ಮುಂದ ಹೋಗ್ತಿರಲಿಲ್ಲ. ಇವರೇ ಕೈ ಬಿಟ್ಟಾರ, ಅದಕ್ಕ ಅವರು ಹ್ವಾದ್ರು... ಹಂಗ ಅನಸ್ತೈತಿ ನನಗ. ನಿಮಗ ಹ್ಯಾಂಗ ಹೇಳ್ಲಿ?"

"ನನ್ನ ಜೋಡಿ ಊರೂರು ತಿರಗಿದ್ರಿ. ಉತ್ತರ ನಿಮ್ಮ ಮನ್ಯಾಗ ಇತ್ತು. ನಮ್ಮ ಅಬ್ಬಾ ಕೇಳಿ ಕೇಳಿ ಸತ್ರು, ದಾನಿಶ ಅವರೇ..."

ಅವಳು ಹಿಂದಿರುಗಿ ನೋಡದೆ ಹೊರಟು ಬಂದಳು. ಅವನ ಫೋನು ಬಂದರೆ ಎತ್ತಲಿಲ್ಲ. ರಾತ್ರಿ ಕಣ್ಣು ಮುಚ್ಚಿದರೆ ನೀರಿನಿಂದ ಮೇಲೆದ್ದ ಒಂದು ಕೈ ಮಾತ್ರ ಕಾಣುತ್ತಿತ್ತು. ಅದು ದಾದಾನದೋ, ದಾನಿಶನದೋ... ತಿಳಿಯುತ್ತಿರಲಿಲ್ಲ.

*

ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಸಂಜೆ ದಾದಿ ಎಂದಿನಂತೆ ತಲೆಯೆತ್ತಿದಳು.

"ಬೂಟಿನ ಸಪ್ಪಳಾತು."

ಸಾಯಿರಾ ಎದ್ದು ನಿಂತಳು. ಇಂದು ಅವಳಿಗೂ ಕೇಳಿಸಿತ್ತು.

ದಾದಿ ಬಾಗಿಲು ತೆರೆದಳು. ಕೆಲಸದ ಬೂಟಿನಲ್ಲೇ ಬಂದಿದ್ದ ದಾನಿಶ ಹೊಸ್ತಿಲಾಚೆ ನಿಂತಿದ್ದ. ದಾದಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಬಂದವನು ತನ್ನ ಗಂಡನಲ್ಲ ಎಂದು ಅರ್ಥವಾಗಲು ಅಷ್ಟು ಹೊತ್ತು ಬೇಕಾಯಿತು.

"ಅಮ್ಮಾ, ನಾ ರಮಜಾನಸಾಬರ ಮೊಮ್ಮಗ," ಎಂದ. "ನಮ್ಮ ದಾದಾ ನಿಮ್ಮ ಯಜಮಾನರ ಕೈ ಬಿಟ್ಟಾರೋ ಏನೋ, ನನಗ ಖರೆ ಗೊತ್ತಿಲ್ಲ. ನೀವು ಬಂದು ಕೇಳ್ರಿ. ಬೈತೀರಂದ್ರ ಬೈರಿ. ಮುಚ್ಚಿಟ್ಟವ ನಾನು."

ಸಾಯಿರಾ ಗೋಡೆಗೆ ಒರಗಿ ನಿಂತಳು. ಅಪ್ಪಿಕೊಂಡು ಕಾದಿದ್ದ ತನ್ನ ದಾದಾನ ಮರ್ಯಾದೆಯನ್ನು ಇವನು ತಾನಾಗಿ ತಂದು ಈ ಹೊಸ್ತಿಲಲ್ಲಿ ಇಟ್ಟಿದ್ದಾನೆ...

"ನಾಳೆ ಕರಕೊಂಡು ಹೋಗಪಾ," ಎಂದಳು ರಶೀದಾಬಿ.

ಮರುದಿನ ಮಧ್ಯಾಹ್ನ ದಾದಿ ಹಿನ್ನೀರಿನ ದಂಡೆಯಲ್ಲಿ ರಮಜಾನಸಾಬರ ಪಕ್ಕ ಕುಳಿತಳು. ಬಳೆಯ ಸದ್ದಿಗೆ ಮುದುಕರು ಅವಳ ಕೈ ನೋಡಿದರು.

"ರಮಜಾನ ಭಾಯಿ, ನಾ ಗೌಸರ ಹೇಂತಿ. ಅವರು ಎಲ್ಲಿ ಅದಾರ?"

"ಹೊಳ್ಯಾಗ," ಎಂದರು ಮುದುಕರು, ಈಗಷ್ಟೇ ನೋಡಿ ಬಂದವರಂತೆ. "ಗಾಯಾದವರನ್ನ ದಾಟಸಾಕತ್ತಾನ. ನನಗ ಈಸು ಬರೂದಿಲ್ಲ, ನನ್ನೂ ಎಳಕೊಂಡು ಬಂದ."

"ಆಮ್ಯಾಲ?"

"ಇನ್ನೊಬ್ಬ ಅಲ್ಲೇ ಅದಾನ, ಒದರಾಕತ್ತಾನ ಅಂದ. ಬ್ಯಾಡೋ ಗೌಸ್, ನೀರು ಭಾಳೈತಿ... ನಾ ಕೈ ಗಟ್ಟಿ ಹಿಡದೇನಿ. ಬಿಡವಲ್ಲೆ. ಅವ ನಕ್ಕ." ಮುದುಕರ ಗಲ್ಲದ ಮೇಲೆ ನೀರಿಳಿಯಿತು. "ಬೆರಳು ಒಂದೊಂದ ಬಿಡಿಸ್ಕೊಂಡ. ಕೈ ಬಿಟ್ಟು... ಕೈ ಬಿಟ್ಟು ಹ್ವಾದ. ಹೊಳ್ಳಿ ಬರ್ಲಿಲ್ಲ."

ದಾನಿಶ ಹೋಗಿ ದಾದಾನ ಪಾದದ ಬಳಿ ಕುಳಿತ. ಇಷ್ಟು ವರ್ಷ ಅವನು ಅರ್ಧ ಮಾತಿನ ಭಾರ ಹೊತ್ತಿದ್ದ.

ರಶೀದಾಬಿ ಅಳಲಿಲ್ಲ. "ಘಟಪ್ರಭಾದಾಗ ಎಮ್ಮಿ ಜೋಡಿ ಈಸಾಡಿ ಬೆಳದಾವ್ರು," ಎಂದಳು ನೀರನ್ನು ನೋಡುತ್ತ. "ಯಾರರ ಒದರಿದ್ರ ನಿಲ್ಲೂ ಮನಶ್ಯಾ ಅಲ್ಲ." ಆಮೇಲೆ ಬಳೆಗಳನ್ನು ಒಂದೊಂದಾಗಿ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು.

*

ಮಸಗುಪ್ಪಿಯಲ್ಲಿ ಫಾತಿಹಾ ಆಯಿತು. ಓಡಿ ಹೋದ ಎಂದಿದ್ದ ಮನೆಗಳವರೂ ಬಂದು ತಲೆ ತಗ್ಗಿಸಿ ಕುಳಿತರು. ಅಬ್ಬಾನ ಗೋರಿಯ ಮುಂದೆ ನಿಂತು ಸಾಯಿರಾ ಎಲ್ಲವನ್ನೂ ಹೇಳಿ ಬಂದಳು.

ಆದರೂ ಕಾಡುವುದು ನಿಲ್ಲಲಿಲ್ಲ. ರಮಜಾನಸಾಬರಿಗೆ ತಾವು ಹೇಳಿದ್ದು ಮರೆತೇ ಹೋಗಿತ್ತು. ಸಂಜೆಯಾದರೆ ಇನ್ನೂ ಕೂಗುತ್ತಿದ್ದರು. ದಾದಿಗೂ ಸಪ್ಪಳ ಕೇಳುತ್ತಿತ್ತು. "ಈಗ ಕಾಯೂದಿಲ್ಲ ಬೇಟಿ," ಎನ್ನುತ್ತಿದ್ದಳು. "ಕೇಳ್ತೇನಿ, ಅಷ್ಟ."

ಸಾಯಿರಾ ಮತ್ತೆ ಹಿಡಕಲ್‌ಗೆ ಹೋದಾಗ ದಾನಿಶ ದಾದಾನ ಒದ್ದೆ ಬಟ್ಟೆ ಒಣಹಾಕುತ್ತಿದ್ದ. ಅವಳನ್ನು ಕಂಡು ಅಲ್ಲೇ ನಿಂತ.

"ಬರೂದಿಲ್ಲ ಅನ್ಕೊಂಡಿದ್ದೆ."

"ನನಗೂ ಹಂಗ ಅನಸಿತ್ತು." ಅವಳು ಬುಟ್ಟಿಯಿಂದ ಒಂದು ಅಂಗಿ ತೆಗೆದು ಕೊಡವಿ ಹಗ್ಗಕ್ಕೆ ಹಾಕಿದಳು. "ಇನ್ನ ಮುಂದ ಮುಚ್ಚಿಡಬ್ಯಾಡ್ರಿ. ಎಂಥಾ ಕೆಟ್ಟ ಸುದ್ದಿ ಇದ್ರೂ ನನಗ ಹೇಳ್ರಿ."

"ಹಂಗಾದ್ರ ಒಂದು ಉಳದೈತಿ."

ಅವಳು ಹಗ್ಗ ಬಿಟ್ಟು ಅವನತ್ತ ತಿರುಗಿದಳು. "ಏನದು?"

"ನಿಮ್ಮ ಮ್ಯಾಲ ನನಗ ಭಾಳ ಜೀವ ಐತಿ. ಆದ್ರ ನನ್ನ ಮನಿ ನೋಡೀರಿ. ದಾದಾ ಇರೂತನಕ ಇಲ್ಲಿ ದಿನಾ ಸಂಜೀಕ ಇದ ಕೂಗು, ಇದ ನೀರು. ಇದರಾಗ ಬರ್ರಿ ಅಂತ ಹ್ಯಾಂಗ ಕರೀಲಿ?"

ಸಾಯಿರಾ ಅವನನ್ನು ನೋಡಿದಳು. ಕಣ್ಣು ತುಂಬಿದ್ದರೂ ತುಟಿಯಲ್ಲಿ ಸಣ್ಣ ನಗು.

"ನಾ ಹುಟ್ಟಿದ ಮನೀನೂ ಹಂಗ ಇತ್ತು, ದಾನಿಶ. ನನಗ ರೂಢಿ ಐತಿ."

ಮೊದಲ ಸಲ ಅವಳು ಬರೀ ಹೆಸರು ಹಿಡಿದು ಕರೆದಿದ್ದಳು. ಅವನಿಗೆ ಅದು ಗೊತ್ತಾಯಿತು.

"ಇನ್ನೊಮ್ಮೆ ಕರಿ," ಎಂದ.

"ಮೊದ್ಲ ದಾದಿನ್ನ ಬಂದು ಕೇಳು," ಎಂದಳು ಅವಳು. "ಆಮ್ಯಾಲ ದಿನಾ ಕರೀತೇನಿ."